ದಶಮಿಯ ದಿನ ಒತ್ತಿದ ಮೊಹರು

ಆ ವರ್ಷ ಮಹಾನವಮಿಯ ಬೆಳಿಗ್ಗೆ ಮೂಡುಬಿದಿರೆ ಕಡೆಯ ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಾಗ ಕಂಡಕ್ಟರ್ ಚನಿಯಪ್ಪ ಕೆಳಗಿಳಿದು ನನ್ನ ವಾಚನಾಲಯದ ಮೆಟ್ಟಿಲಿನ ಬಳಿ ಬಂದ. ಅವನು ಇಳಿಯುವವನಲ್ಲ. ಬಾಗಿಲಲ್ಲೇ ನಿಂತು ಪುಸ್ತಕದ ಪೆಟ್ಟಿಗೆಯನ್ನು ಜಗಲಿಗೆ ತಳ್ಳಿ, ಸೀಟಿ ಊದಿ ಹೋಗುವುದು ಅವನ ಕ್ರಮ. ಆ ದಿನ ಪೆಟ್ಟಿಗೆ ಇರಲಿಲ್ಲ. ಅವನು ತಲೆಯ ಟೊಪ್ಪಿಯನ್ನು ಕೈಯಲ್ಲಿ ಹಿಡಿದಿದ್ದ.

"ಮಾಸ್ಟ್ರೇ, ಗುರುವಾಯನಕೆರೆಯ ರುಕ್ಮಯ್ಯಣ್ಣ ರಾತ್ರಿ ತೀರಿಹೋದರಂತೆ. ವೇಣೂರಿನ ಬಸ್ಸಿನವರು ಹೇಳಿದರು."

"ನಾಳೆ ಅವರು ಮೂಡುಬಿದಿರೆಗೆ ಬರಬೇಕಲ್ಲ, ಮೊದಲ ಪುಸ್ತಕ ಎತ್ತುವವರು ಅವರೇ," ಎಂದೆ.

ಅದು ಕೊಡಬೇಕಾದ ಉತ್ತರವಲ್ಲವೆಂದು ಹೇಳಿದ ಮೇಲೆ ತಿಳಿಯಿತು. ಚನಿಯಪ್ಪ, "ಹೌದು ಮಾಸ್ಟ್ರೇ, ಬರಬೇಕಿತ್ತು," ಎಂದ. ಬಸ್ಸಿನೊಳಗಿದ್ದವರು ನಮ್ಮನ್ನೇ ನೋಡುತ್ತಿದ್ದರು. ಗುಡಿಸಲೆಂದು ತೆರೆದಿದ್ದ ಬಾಗಿಲಿಗೆ ನಾನು ಬೀಗ ಹಾಕಿದೆ. ಆಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಸಂಶಯವಾಗಿ ಮತ್ತೆ ಹೋಗಿ ಎಳೆದು ನೋಡಿದೆ.

ನಾವು ನಾಲ್ವರು ನಾಲ್ಕು ಊರುಗಳಲ್ಲಿ ಚಿಕ್ಕ ಚಿಕ್ಕ ಪುಸ್ತಕದ ಕೋಣೆಗಳನ್ನು ನಡೆಸುತ್ತಿದ್ದೆವು. ಗುರುವಾಯನಕೆರೆಯಲ್ಲಿ ರುಕ್ಮಯ್ಯನವರು, ಮೂಡುಬಿದಿರೆಯ ಜೈನಪೇಟೆಯಲ್ಲಿ ಧರಣೇಂದ್ರಯ್ಯನವರು, ಬಂಟ್ವಾಳದ ಪೇಟೆಯಲ್ಲಿ ಉಮ್ಮರ್ ಸಾಹೇಬರು, ಸಿದ್ಧಕಟ್ಟೆಯಲ್ಲಿ ನಾನು. ಯಾರಲ್ಲಿಯೂ ಸಾಕಷ್ಟು ಪುಸ್ತಕಗಳಿರಲಿಲ್ಲ. ಅದಕ್ಕೆ ರುಕ್ಮಯ್ಯನವರು ಒಂದು ಉಪಾಯ ಮಾಡಿದ್ದರು. ಒಂದು ಮರದ ಪೆಟ್ಟಿಗೆ. ಅದು ಬಸ್ಸಿನಲ್ಲಿ ಬಂಟ್ವಾಳದಿಂದ ಸಿದ್ಧಕಟ್ಟೆಗೆ, ಅಲ್ಲಿಂದ ಮೂಡುಬಿದಿರೆಗೆ, ವೇಣೂರಿನ ದಾರಿಯಾಗಿ ಗುರುವಾಯನಕೆರೆಗೆ ಹೋಗುತ್ತಿತ್ತು. ಮತ್ತೆ ಹಿಂದಕ್ಕೆ ಬರುತ್ತಿತ್ತು. ಪೆಟ್ಟಿಗೆ ತಲುಪಿದ ಊರಿನವರು ಅದರೊಳಗಿನ ಪುಸ್ತಕ ಇಳಿಸಿಕೊಂಡು, ಓದಿ ಮುಗಿದವುಗಳನ್ನು ತುಂಬಿ ಕಳುಹಿಸುವುದು. ಹೀಗೆ ನಡೆದು ವರುಷಗಳು ಕಳೆದಿದ್ದವು. ಯಾವ ಪುಸ್ತಕ ಮೊದಲು ಯಾರದಾಗಿತ್ತು ಎಂದು ಈಗ ಹೇಳುವವರಿರಲಿಲ್ಲ.

ಏಕೆಂದರೆ ಪುಸ್ತಕಗಳಿಗೆ ಮೊಹರು ಒತ್ತಲು ರುಕ್ಮಯ್ಯನವರು ಒಪ್ಪಿರಲಿಲ್ಲ. ಧರಣೇಂದ್ರಯ್ಯನವರು ಒಮ್ಮೆ ಆ ಮಾತೆತ್ತಿದಾಗ, "ಸೀಲು ಬಿದ್ದರೆ ಪುಸ್ತಕಕ್ಕೆ ಮೂಗುದಾರ ಬಿದ್ದ ಹಾಗೆ ಮಾರಾಯ್ರೇ. ಮತ್ತೆ ಅದು ನಿಮ್ಮ ಹಟ್ಟಿ ಬಿಟ್ಟು ಹೊರಡ್ಲಿಕ್ಕಿಲ್ಲ," ಎಂದಿದ್ದರು. ಆ ಮಾತು ಅಲ್ಲಿಗೇ ನಿಂತಿತು.

ವರ್ಷಕ್ಕೊಮ್ಮೆ ಮಾತ್ರ ಎಲ್ಲ ಪುಸ್ತಕಗಳೂ ಒಂದೆಡೆ ಸೇರುತ್ತಿದ್ದವು. ನವರಾತ್ರಿಯಲ್ಲಿ ಪುಸ್ತಕಗಳನ್ನು ಶಾರದೆಯ ಮುಂದೆ ಪೂಜೆಗಿಡುವುದು ನಮ್ಮಲ್ಲಿ ಪದ್ಧತಿ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟಬಾರದು, ಓದಬಾರದು. ಹೇಗೂ ಕೋಣೆಗಳು ಮುಚ್ಚಿರುತ್ತಿದ್ದುದರಿಂದ ನಾಲ್ಕು ಊರಿನ ಪುಸ್ತಕಗಳನ್ನೂ ಮೂಡುಬಿದಿರೆಗೆ ತಂದು ಧರಣೇಂದ್ರಯ್ಯನವರ ಚಾವಡಿಯಲ್ಲಿ ರಾಶಿ ಇಟ್ಟು, ಮೇಲೆ ಮಡಿವಸ್ತ್ರ ಹೊದಿಸುತ್ತಿದ್ದೆವು. ದಶಮಿಯ ದಿನ ಪೂಜೆಯಾದ ಮೇಲೆ ರುಕ್ಮಯ್ಯನವರು ಹಿರಿಯರೆಂದು ಮೊದಲ ಪುಸ್ತಕವನ್ನೆತ್ತಿ, ತೆರೆದಲ್ಲಿ ಸಿಕ್ಕಿದ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು. ಅದರ ಅನಂತರ ನಮ್ಮ ಸಭೆ. ಒರಲೆ ಹುಳು ಹಿಡಿಯದಂತೆ ಬಜೆಯ ಬೇರನ್ನು ಎಲ್ಲಿಡಬೇಕು, ಮೈದಾ ಅಂಟಿಗೆ ಮೈಲುತುತ್ತು ಎಷ್ಟು ಹಾಕಬೇಕು, ಮಳೆಗಾಲದಲ್ಲಿ ಅಂಟಿಕೊಂಡ ಪುಟಗಳನ್ನು ಹರಿಯದೆ ಬಿಡಿಸುವುದು ಹೇಗೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಉಮ್ಮರ್ ಸಾಹೇಬರ ಪುಸ್ತಕಗಳೂ ಪೂಜೆಗೆ ಕೂರುತ್ತಿದ್ದವು. ಅವರು ಪೂಜೆ ಮುಗಿಯುವವರೆಗೆ ಜಗಲಿಯಲ್ಲಿ ಕುಳಿತಿದ್ದು, "ನನ್ನ ಪುಸ್ತಕಗಳು ನನಗಿಂತ ಮೊದಲೇ ಒಳಗೆ ಹೋಗಿ ಕೂತವು," ಎಂದು ನಗುತ್ತಿದ್ದರು.

ನವಮಿಯ ದಿನ ನಾನು ಗುರುವಾಯನಕೆರೆ ತಲುಪುವಾಗ ಎಲ್ಲ ಸಿದ್ಧವಾಗಿತ್ತು. ರುಕ್ಮಯ್ಯನವರ ಮುಖ ಎಂದಿನ ಹಾಗೆಯೇ ಇತ್ತು, ಯಾರೋ ತಡವಾಗಿ ಪುಸ್ತಕ ತಂದುಕೊಟ್ಟಾಗ ಇರುತ್ತಿದ್ದಂತೆ. ನಾನು ಅವರ ಕಾಲು ಮುಟ್ಟಿದೆ. ಮಧ್ಯಾಹ್ನ ಚಿತೆಗೆ ಬೆಂಕಿ ಕೊಟ್ಟರು. ಹಿಂದೆ ಬಂದು ಬಾವಿಕಟ್ಟೆಯಲ್ಲಿ ಮೀಯುವಾಗ ನನ್ನ ಓದುವ ಕನ್ನಡಕವನ್ನು ತೆಗೆದು ಕಟ್ಟೆಯ ಮೇಲಿಟ್ಟದ್ದು ನೆನಪಿದೆ. ಮತ್ತೆ ಹಾಕಿಕೊಂಡದ್ದು ನೆನಪಿಲ್ಲ.

ಹೊರಡುವಾಗ ಅವರ ಮಗಳು ಪದ್ಮಾಕ್ಷಿ ಅಂಗಳದ ಅಂಚಿನಲ್ಲಿ, ನನ್ನಿಂದ ದೂರವೇ ನಿಂತು ಮಾತನಾಡಿದಳು. ಮದುವೆಯಾಗದ ಹುಡುಗಿ. ತಂದೆಗೆ ಉಬ್ಬಸ ಹೆಚ್ಚಾದಾಗಿನಿಂದ ಪುಸ್ತಕದ ಕೋಣೆಯನ್ನು ತೆರೆದು ಗುಡಿಸಿ ನಡೆಸುತ್ತಿದ್ದವಳು ಅವಳೇ.

"ಮಾಸ್ಟ್ರೇ, ಆ ಕಟ್ಟಡದ ಧಣಿಗಳು ಬಂದಿದ್ದರು. ಕೋಣೆ ಇನ್ನು ಗೋದಾಮಿಗೆ ಬೇಕು ಅಂತಾರೆ. ಲೈಬ್ರೆರಿ ನಡೆಯುವಷ್ಟು ದಿನ ಕೇಳುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದರು."

"ಇವತ್ತೇ ಬಂದು ಕೇಳಿದರೋ?"

"ಇವತ್ತೇ. ಹೊಗೆ ಆರುವ ಮೊದಲೇ." ಅವಳು ಕಣ್ಣೊರೆಸಿಕೊಂಡಳು. "ಸೂತಕ ಕಳೆದ ಮೇಲೆ ನಾನು ಬಾಗಿಲು ತೆಗೀತೇನೆ. ಆದರೆ ಪುಸ್ತಕ ಎಲ್ಲ ಮೂಡುಬಿದಿರೆಯಲ್ಲಿ ಉಂಟು. ಖಾಲಿ ಕೋಣೆಯನ್ನು ಲೈಬ್ರೆರಿ ಅಂತ ಹೇಗೆ ಹೇಳುವುದು? ನಮ್ಮ ಪುಸ್ತಕ ಹಿಂದೆ ಬರ್ತದಲ್ಲ?"

"ಬರ್ತದೆ ಮಗಾ," ಎಂದೆ.

ಬಸ್ಸಿನಲ್ಲಿ ಕುಳಿತ ಮೇಲೆ ನಾನು ಏನು ಹೇಳಿದೆನೆಂದು ಯೋಚಿಸಿದೆ. ನಮ್ಮ ಪುಸ್ತಕ ಎಂದರೆ ಯಾವುದು? ಆ ರಾಶಿಯಲ್ಲಿ ರುಕ್ಮಯ್ಯನವರದೆಂದು ತೋರಿಸಬಹುದಾದ ಒಂದು ಪುಸ್ತಕವೂ ಇರಲಿಲ್ಲ. ಅದಕ್ಕೆ ಕಾರಣ ಅವರೇ. ಸತ್ತವರ ಮೇಲೆ ಆ ದಿನವೇ ಸಿಟ್ಟು ಬಂತು. ಸಿಟ್ಟು ಬಂದುದಕ್ಕೆ ಅಳು ಬಂತು.

ದಶಮಿಯ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಯಾರಿಗೂ ಏನೂ ನಿಶ್ಚಯವಿರಲಿಲ್ಲ. ಸಭೆ ನಡೆಸುವುದೋ ಬಿಡುವುದೋ ಎಂಬುದೇ ಮೊದಲ ಪ್ರಶ್ನೆ. ಆದರೆ ಮಂಗಳೂರಿನಿಂದ ಒಬ್ಬರು ಅಧಿಕಾರಿಗಳು ಬಂದಿದ್ದರು. ಗ್ರಂಥಾಲಯಗಳಿಗೆ ಸರಕಾರ ಕಾನೂನು ಮಾಡಿದ ಮರುವರ್ಷವದು. ಇನ್ನು ಮುಂದೆ ನಮ್ಮಂಥವರ ಗತಿ ಏನೆಂದು ತಿಳಿಸಬೇಕೆಂದು ನಾವೇ ಅವರನ್ನು ಕರೆದಿದ್ದೆವು. ಬಂದವರನ್ನು ಹಿಂದೆ ಕಳುಹಿಸುವಂತಿರಲಿಲ್ಲ.

ಎರಡನೆಯ ಪ್ರಶ್ನೆ, ಪುಸ್ತಕ ಎತ್ತುವವರು ಯಾರು?

"ರುಕ್ಮಯ್ಯನವರ ಅನಂತರ ಹಿರಿಯರು ನೀವೇ," ಎಂದರು ಧರಣೇಂದ್ರಯ್ಯನವರು. "ಆದರೆ ನೀವು ನಿನ್ನೆ ಸುಡುಗಾಡಿಗೆ ಹೋದವರು. ಎತ್ತಬಹುದೋ?"

"ಮಿಂದು ಬಂದಿದ್ದೇನೆ. ನಿನ್ನೆಯೂ ಮಿಂದೆ, ಇವತ್ತೂ ಮಿಂದೆ."

"ಸೂತಕ ಇಲ್ಲವಲ್ಲ ಅವರಿಗೆ," ಎಂದರು ಜಗಲಿಯಿಂದ ಉಮ್ಮರ್ ಸಾಹೇಬರು. "ಸಂಬಂಧಿಕರಲ್ಲ."

ಆ ಮಾತು ಸರಿಯಾಗಿತ್ತು. ಆದರೂ ಅದನ್ನು ಕೇಳಿ ನನಗೆ ಏನೋ ಆಯಿತು. ಸಂಬಂಧಿಕನಾಗಿದ್ದರೆ ಮನೆಯಲ್ಲಿ ಸುಮ್ಮನೆ ಕುಳಿತಿರಬಹುದಿತ್ತು. ನಾನು ಶಾರದೆಗೆ ಕೈಮುಗಿದು, ವಸ್ತ್ರ ಸರಿಸಿ, ಮೇಲಿನ ಪುಸ್ತಕವನ್ನು ಎತ್ತಿ ತೆರೆದೆ. ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಂಡವು. ಆಗ ತಿಳಿಯಿತು, ಕನ್ನಡಕ ಗುರುವಾಯನಕೆರೆಯ ಬಾವಿಕಟ್ಟೆಯಲ್ಲಿದೆ ಎಂದು. ಎಲ್ಲರೂ ಕಾದಿದ್ದರು. ನಾನು ಬಾಯಿಗೆ ಬಂದ ಒಂದು ದೇವರ ಶ್ಲೋಕವನ್ನು ಹೇಳಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡೆ. ಬಹುಶಃ ಎಲ್ಲರೂ ನನಗೆ ದುಃಖದಿಂದ ಓದಲಾಗಲಿಲ್ಲವೆಂದು ತಿಳಿದರು. ಅದೂ ಸುಳ್ಳಲ್ಲ.

ಅಧಿಕಾರಿಗಳು ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು. ಸಾವಿನ ಸುದ್ದಿ ಕೇಳಿ ಬಹಳ ಮುದುಡಿಕೊಂಡಿದ್ದರು. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸಿ, ಪ್ರತಿಯೊಂದರ ಬೆನ್ನಿಗೂ ಒಂದು ಅಂಕೆ ಅಂಟಿಸಿ, ಅದಕ್ಕೆ ತಕ್ಕ ಕಾರ್ಡನ್ನು ಒಂದು ಖಾನೆಯಲ್ಲಿಡುವ ಕ್ರಮವನ್ನು ವಿವರಿಸಿದರು.

"ನನ್ನ ಬೆನ್ನಿಗೂ ಒಂದು ಅಂಕೆ ಹಾಕಿ," ಎಂದರು ಉಮ್ಮರ್ ಸಾಹೇಬರು. "ನನ್ನನ್ನು ಯಾವ ಕಪಾಟಿನಲ್ಲಿ ಇಡ್ತೀರಿ ನೋಡುವ."

"ಹರಿದ ಪುಸ್ತಕಗಳ ಕಪಾಟಿನಲ್ಲಿ," ಎಂದರು ಧರಣೇಂದ್ರಯ್ಯನವರು.

ನಕ್ಕೆವು. ನಕ್ಕ ಕೂಡಲೆ, ಹಿಂದಿನ ದಿನವಷ್ಟೇ ಹೊತ್ತಿದ ಚಿತೆ ನೆನಪಾಯಿತು.

ಮುಂದೆ ನಮ್ಮ ಕೋಣೆಗಳು ಏನಾಗುತ್ತವೆ ಎಂದು ಕೇಳಿದೆವು. ಸರಕಾರವೇ ವಹಿಸಿಕೊಳ್ಳುತ್ತದೋ? ನಮ್ಮನ್ನು ಇಟ್ಟುಕೊಳ್ಳುತ್ತದೋ? ಅಧಿಕಾರಿಗಳು ಕಾಗದಗಳನ್ನು ಆಚೀಚೆ ತಿರುಗಿಸಿದರು. "ನಿಜ ಹೇಳ್ತೇನೆ, ನಮಗೂ ಪೂರ್ತಿ ತಿಳಿದಿಲ್ಲ. ಒಂದು ಮಾತ್ರ ಹೇಳಬಹುದು. ತನ್ನ ಮೊಹರು ಇರುವ, ತಕ್ಕಮಟ್ಟಿಗೆ ಪುಸ್ತಕಗಳಿರುವ ಗ್ರಂಥಾಲಯ ಅಂತ ತೋರಿಸಿದರೆ ನಾನು ಮೇಲಕ್ಕೆ ಬರೆಯಬಹುದು. ನಾಲ್ಕಾರು ಪುಸ್ತಕ ಇರುವ ಕೋಣೆಯನ್ನು ಗ್ರಂಥಾಲಯ ಅಂತ ಬರೆದರೆ ನಗ್ತಾರೆ." ಹೀಗೆಂದು ಅವರು ಒಂದು ಚೀಲದಿಂದ ನಾಲ್ಕು ರಬ್ಬರ್ ಮೊಹರುಗಳನ್ನು ತೆಗೆದು ಮಣೆಯ ಮೇಲೆ ಸಾಲಾಗಿ ಇಟ್ಟರು. ನಮ್ಮ ಊರುಗಳ ಹೆಸರಿನಲ್ಲಿ ಮಂಗಳೂರಿನಲ್ಲಿ ಮಾಡಿಸಿಕೊಂಡು ಬಂದಿದ್ದರು. ನನ್ನನ್ನು ನೋಡಿ, "ಹಿರಿಯರು ನೀವು, ಮೊದಲನೆಯದು ನಿಮ್ಮದು," ಎಂದರು.

ಧರಣೇಂದ್ರಯ್ಯನವರು ರಾಶಿಯನ್ನು ಕಣ್ಣಲ್ಲೇ ಅಳೆದರು. "ನಾಲ್ಕು ಪಾಲು ಮಾಡಿದರೆ ಯಾರಿಗೂ ಸಾಲದು. ಮೂರು ಮಾಡಿದರೆ ಮೂವರೂ ಉಳಿಯಬಹುದು."

ಯಾವ ಪಾಲು ಬಿಡುವುದೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಗುರುವಾಯನಕೆರೆಯಲ್ಲಿ ಆ ಹುಡುಗಿ ಇದ್ದಾಳೆ," ಎಂದೆ. "ಬಾಗಿಲು ತೆಗೀತೇನೆ ಅಂದಿದ್ದಾಳೆ. ಪುಸ್ತಕ ಬರ್ತದೆ ಅಂತ ನಾನು ಹೇಳಿ ಬಂದಿದ್ದೇನೆ."

"ಯಾರನ್ನು ಕೇಳಿ ಹೇಳಿದಿರಿ?"

"ಯಾರನ್ನೂ ಕೇಳಲಿಲ್ಲ."

"ನಾಳೆ ಅವಳ ಮದುವೆಯಾಗ್ತದೆ ಮಾಸ್ಟ್ರೇ. ಕೋಣೆ ಗೋದಾಮು ಆಗ್ತದೆ. ಪುಸ್ತಕ ಒರಲೆಗೆ ಆಗ್ತದೆ. ನಾನು ಕೆಟ್ಟವನಾಗಿ ಹೇಳುವುದಲ್ಲ. ರುಕ್ಮಯ್ಯನವರು ನನಗೂ ಬೇಕಾದವರೇ."

ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನನ್ನ ಮಾತಿನಲ್ಲಿಯೂ ತಪ್ಪು ಕಾಣಲಿಲ್ಲ. ಸಿದ್ಧಕಟ್ಟೆಯ ನನ್ನ ಕೋಣೆಯೂ ಮುಚ್ಚಿಹೋಗಬಾರದೆಂಬ ಆಸೆ ನನಗಿತ್ತು. ಇವೆಲ್ಲ ಒಟ್ಟಾಗಿ ಹೇಗೆ ಸರಿಯಾಗುವುದೋ ಅರ್ಥವಾಗಲಿಲ್ಲ.

ಕೊನೆಗೆ ಧರಣೇಂದ್ರಯ್ಯನವರೇ, "ಪಾಲಿನ ಮಾತು ಮತ್ತೆ ಆಡುವ. ದಶಮಿಯ ದಿನ ಹೊಸ ಕೆಲಸ ಆರಂಭಿಸಿದರೆ ಕೇಡಿಲ್ಲ. ಮಾಸ್ಟ್ರೇ, ಸಿದ್ಧಕಟ್ಟೆಯ ಸೀಲು ಹಿಡಿದು ನಿಮ್ಮ ಪಾಲಿಗೆ ಒಂದಿಷ್ಟು ಒತ್ತಿ," ಎಂದು ಹೇಳಿ ಅಧಿಕಾರಿಗಳನ್ನು ಕಾಫಿಗೆ ಒಳಗೆ ಕರೆದುಕೊಂಡು ಹೋದರು. ಒಳಗಿನಿಂದ ಅವರಿಬ್ಬರ ಮಾತು ಬಹಳ ಹೊತ್ತು ಕೇಳುತ್ತಿತ್ತು. ಮೂರು ಪಾಲು, ನಾಲ್ಕು ಪಾಲು.

ಉಮ್ಮರ್ ಸಾಹೇಬರು ಒಂದೊಂದೇ ಪುಸ್ತಕ ತೆರೆದು ಕೊಡುತ್ತಿದ್ದರು. ನಾನು ಒತ್ತುತ್ತಿದ್ದೆ. ಅವರು ಒತ್ತುಕಾಗದ ಇಟ್ಟು ಶಾಯಿ ಹೀರಿಸಿ ಬದಿಗಿಡುತ್ತಿದ್ದರು. ನನ್ನ ಕಣ್ಣಿಗೆ ಕಂಡದ್ದು ನೇರಳೆ ಬಣ್ಣದ ಒಂದು ಉರುಟು ಮಚ್ಚೆ ಮಾತ್ರ. ಪುಸ್ತಕಗಳನ್ನು ಕೈ ಗುರುತಿಸಿತು. ಇದು ನಾರು ದಾರದಲ್ಲಿ ಹೊಲಿದದ್ದು, ರುಕ್ಮಯ್ಯನವರ ಹೊಲಿಗೆ. ಇದರ ಮೂಲೆ ಇಲಿ ತಿಂದದ್ದು. ಅದಕ್ಕೆ ಅವರು ಬೈದದ್ದು ನನಗೆ. ಒಂದು ಪುಸ್ತಕದಿಂದ ಅವರ ನಶ್ಯದ ವಾಸನೆ ಬಂತು. ಎಷ್ಟು ಒತ್ತಬೇಕೆಂದು ಯಾರೂ ಹೇಳಿರಲಿಲ್ಲ, ನಾನೂ ಎಣಿಸಲಿಲ್ಲ. ಕೈ ನಿಲ್ಲಿಸಿದರೆ ಅಳು ಬರುತ್ತದೆಂದು ನಿಲ್ಲಿಸಲಿಲ್ಲ.

ಧರಣೇಂದ್ರಯ್ಯನವರು ಹೊರಗೆ ಬಂದು ಒಂದು ಪುಸ್ತಕ ತೆರೆದು ನೋಡಿದರು. ಇನ್ನೊಂದು ತೆರೆದರು. ಕೆಳಗಿನಿಂದ ಒಂದನ್ನು ಎಳೆದು ತೆರೆದರು.

"ಮಾಸ್ಟ್ರೇ, ಇದು ಎಂತ?"

"ಎಂತ?"

"ಗುರುವಾಯನಕೆರೆ. ಇದರಲ್ಲಿಯೂ ಗುರುವಾಯನಕೆರೆ. ಇಡೀ ರಾಶಿಗೆ ಗುರುವಾಯನಕೆರೆ ಒತ್ತಿದ್ದೀರಲ್ಲ."

ನಾನು ಮೊಹರನ್ನು ಕಣ್ಣಿನ ಹತ್ತಿರ ತಂದೆ, ದೂರ ಹಿಡಿದೆ. ಏನೂ ತಿಳಿಯಲಿಲ್ಲ. ಅಧಿಕಾರಿಗಳು ಮಣೆಯ ಆಚೆ ನಿಂತು ನೋಡಿ, ಹಣೆ ಮುಟ್ಟಿಕೊಂಡರು. ಅವರು ಮೊಹರುಗಳನ್ನು ತಮ್ಮ ಎಡದಿಂದ ಸಾಲಾಗಿ ಇಟ್ಟಿದ್ದರು. ನಾನು ಅವರ ಎದುರು ಕುಳಿತಿದ್ದೆ. ಅವರ ಮೊದಲನೆಯದು ನನ್ನ ಕೈಗೆ ಕೊನೆಯದು. ನಾನು ಮೊದಲನೆಯದೆಂದು ಎತ್ತಿಕೊಂಡದ್ದು ಅವರು ಕೊನೆಗಿಟ್ಟದ್ದು, ತೀರಿಹೋದವರ ಊರಿನದು.

"ಉಮ್ಮರೇ, ನೀವು ಹತ್ತಿರವೇ ಇದ್ದಿರಲ್ಲ," ಎಂದರು ಧರಣೇಂದ್ರಯ್ಯನವರು. "ಓದಲಿಕ್ಕೆ ಬರ್ತದಲ್ಲ ನಿಮಗೆ?"

"ನಾನು ಆಗಲೇ ನೋಡಿದ್ದೇನೆ."

"ನೋಡಿ ಸುಮ್ಮನೆ ಕೂತಿರೋ?"

"ಮಾಸ್ಟ್ರು ಬೇಕಂತಲೇ ಒತ್ತುವುದು ಅಂತ ಗ್ರಹಿಸಿದೆ. ಕಣ್ಣಲ್ಲಿ ನೀರು ಹಾಕಿಕೊಂಡು ಒತ್ತುವವರನ್ನು ನಿಲ್ಲಿಸುವುದು ಹೇಗೆ?"

ಎಲ್ಲರೂ ನನ್ನನ್ನು ನೋಡಿದರು. ಬೇಕೆಂದು ಮಾಡಿದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ಕ್ಷಣದಲ್ಲಿ ನನಗೇ ಸಂಶಯ ಬಂತು. ಒಂದು ಸಲ ಉಮ್ಮರ್ ಸಾಹೇಬರಿಗೆ ತೋರಿಸಿ, ಇದು ಸಿದ್ಧಕಟ್ಟೆಯದು ತಾನೇ ಎಂದು ಕೇಳಬಹುದಿತ್ತು. ಯಾಕೆ ಕೇಳಲಿಲ್ಲ?

"ಕನ್ನಡಕ ಇಲ್ಲ," ಎಂದಷ್ಟೇ ಹೇಳಿದೆ.

ಅಧಿಕಾರಿಗಳು ಸಮಾಧಾನದ ದನಿಯಲ್ಲಿ, "ತೊಂದರೆ ಇಲ್ಲ. ಇದರ ಮೇಲೆ ಗೆರೆ ಹೊಡೆದು, ಬದಿಯಲ್ಲಿ ಬೇರೆ ಮೊಹರು ಒತ್ತಬಹುದು," ಎಂದರು. ಜೇಬಿನಿಂದ ಪೆನ್ನನ್ನೂ ತೆಗೆದರು. ಯಾರೂ ಅದಕ್ಕೆ ಕೈ ಚಾಚಲಿಲ್ಲ. ಅವರು ಪೆನ್ನನ್ನು ಧರಣೇಂದ್ರಯ್ಯನವರ ಕಡೆಗೆ ಹಿಡಿದರು.

ಧರಣೇಂದ್ರಯ್ಯನವರು ಪೆನ್ನನ್ನು ನೋಡಿದರು, ಶಾರದೆಯ ಮುಂದಿನ ದೀಪವನ್ನು ನೋಡಿದರು. "ಇವತ್ತೇ ಪೂಜೆಯಿಂದ ಎತ್ತಿದ ಪುಸ್ತಕ. ಇವತ್ತೇ ಬಿದ್ದ ಮೊದಲ ಅಕ್ಷರ. ಅದನ್ನು ಹೊಡೆದು ಹಾಕುವುದೋ? ಅದೂ ನಿನ್ನೆ ಹೋದವರ ಊರಿನ ಹೆಸರನ್ನು? ನನ್ನಿಂದ ಆಗ್ಲಿಕ್ಕಿಲ್ಲ."

"ನಾಳೆ ಹೊಡೆಯಬಹುದಲ್ಲ?"

"ನಾಳೆಯೂ ಆಗ್ಲಿಕ್ಕಿಲ್ಲ. ಬೇಕಾದರೆ ನೀವು ಹೊಡೀರಿ."

ಅಧಿಕಾರಿಗಳು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ಅವರ ಮನೆಯಲ್ಲಿಯೂ ಪುಸ್ತಕ ಪೂಜೆಗಿಡುವವರೇ ಇದ್ದಿರಬೇಕು.

ಮತ್ತೆ ಬಹಳ ಹೊತ್ತು ಗೊಂದಲ. ಮೊಹರು ಬಿದ್ದ ಪುಸ್ತಕಗಳೆಲ್ಲ ಈಗ ಗುರುವಾಯನಕೆರೆಯವು. ಉಳಿದ ನಾವು ಮೂವರು ಏನು? ಅಧಿಕಾರಿಗಳು ಯೋಚಿಸಿ ಯೋಚಿಸಿ, "ಗುರುವಾಯನಕೆರೆಯದನ್ನು ಮುಖ್ಯ ಗ್ರಂಥಾಲಯ ಅಂತ ಬರೆಯುವ. ಪುಸ್ತಕ ಸಾಕಷ್ಟು ಉಂಟು. ನಿಮ್ಮ ಮೂರು ಕೋಣೆಗಳನ್ನು ಅದರ ಶಾಖೆ ಅಂತ ಬರೆಯುವ. ಪೆಟ್ಟಿಗೆ ಈಗ ತಿರುಗುವ ಹಾಗೆಯೇ ತಿರುಗಲಿ. ಮೇಲಿನವರು ಒಪ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದರು.

"ಅಂದರೆ ನಾವೆಲ್ಲ ಆ ಹುಡುಗಿಯ ಕೈಕೆಳಗೆ?" ಎಂದರು ಧರಣೇಂದ್ರಯ್ಯನವರು.

"ಅವಳ ಅಪ್ಪನ ಕೈಕೆಳಗೆ ಇದ್ದವರಲ್ಲವೋ ನಾವು?" ಎಂದರು ಉಮ್ಮರ್ ಸಾಹೇಬರು. "ಅಪ್ಪನಿಂದ ಮಗಳಿಗೆ ಹೆಚ್ಚು ದೂರ ನಡೀಲಿಕ್ಕಿಲ್ಲ."

ಧರಣೇಂದ್ರಯ್ಯನವರು ಉಳಿದ ಮೂರು ಮೊಹರುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ, ದೇವರ ಮಣೆಯ ಕೆಳಗೆ ಸರಿಸಿಟ್ಟರು. ಒಪ್ಪಿಗೆ ಎಂಬುದಿದ್ದರೆ ಅದಿಷ್ಟೇ.

ಉತ್ತರಕ್ರಿಯೆಗೆ ನಾನು ಗುರುವಾಯನಕೆರೆಗೆ ಹೋದೆ. ಪೆಟ್ಟಿಗೆ ನನ್ನ ಜೊತೆಗೇ ಬಂತು. ಚನಿಯಪ್ಪ ಆ ದಿನ ರಜೆ ಹಾಕಿದ್ದವನು, ಪ್ರಯಾಣಿಕನಾಗಿ ಕುಳಿತೇ ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದ. ಊಟವಾದ ಮೇಲೆ ಪದ್ಮಾಕ್ಷಿ ಬೀಗದ ಕೈ ತಂದಳು. ಕಟ್ಟಡದ ಧಣಿಗಳು ಎದುರಿನ ಅಂಗಡಿಯಿಂದ ನೋಡುತ್ತಿದ್ದರು. ಪೆಟ್ಟಿಗೆ ಒಳಗೆ ಹೋಗುವುದನ್ನು ಕಂಡು, ಮುಖ ತಿರುಗಿಸಿ ಗಿರಾಕಿಯ ಜೊತೆ ಮಾತು ಮುಂದುವರಿಸಿದರು. ಅದು ಸೋತದ್ದೋ ಕಾಯುವುದೋ ತಿಳಿಯಲಿಲ್ಲ.

"ಮಾಸ್ಟ್ರೇ, ಇದು ಬಾವಿಕಟ್ಟೆಯಲ್ಲಿ ಇತ್ತು," ಎಂದು ಪದ್ಮಾಕ್ಷಿ ನನ್ನ ಕನ್ನಡಕವನ್ನು ಕೊಟ್ಟಳು. ಒರೆಸಿಟ್ಟಿದ್ದಳು.

ಹಾಕಿಕೊಂಡು ಒಂದು ಪುಸ್ತಕ ತೆರೆದೆ. ಮೊಹರು ಓರೆಯಾಗಿ ಬಿದ್ದಿತ್ತು, ಅಕ್ಷರಗಳು ಸ್ಪಷ್ಟವಾಗಿದ್ದವು. ಅವಳು ನನ್ನ ಬದಿಯಿಂದ ಬಗ್ಗಿ ಓದಿದಳು.

"ಅಪ್ಪ ಇದ್ದಿದ್ದರೆ ಸೀಲು ನೋಡಿ ಬೈತಿದ್ದರು."

"ಹೌದು ಮಗಾ, ಬೈತಿದ್ದರು."

"ಆದರೂ ಇರಲಿ," ಎಂದು ಅವಳು ಪುಸ್ತಕವನ್ನು ಕಪಾಟಿನಲ್ಲಿಟ್ಟಳು. ಮತ್ತೊಂದನ್ನು ಎತ್ತಿಕೊಂಡಳು.

ನಾನು ಹೊರಗೆ ಬಂದು ಜಗಲಿಯಲ್ಲಿ ಕುಳಿತೆ. ನಾನು ಮಾಡಿದ್ದು ತಪ್ಪೋ, ಸರಿಯೋ, ನನ್ನ ಕೈ ಮಾಡಿತೋ, ನಾನೇ ಮಾಡಿದೆನೋ, ಮಂಗಳೂರಿನಿಂದ ಯಾವ ಉತ್ತರ ಬರುವುದೋ, ಒಂದೂ ನನಗೆ ತಿಳಿಯದು. ಮೊಹರು ಬೇಡವೆಂದವರ ಊರಿನ ಹೆಸರಿನಲ್ಲೇ ಮೊಹರು ಬಿದ್ದಿತು. ಅವರು ಇದನ್ನು ಹೇಗೆ ತೆಗೆದುಕೊಳ್ಳುತ್ತಾರೋ ಅದೂ ತಿಳಿಯದು. ಧರ್ಮಸ್ಥಳದ ದಿಕ್ಕಿಗೆ ತಿರುಗಿ ಕೈಮುಗಿದೆ.

ಸ್ವಾಮೀ ಮಂಜುನಾಥಾ, ತಿಳಿಯದವನು ಕೇಳುತ್ತಿದ್ದೇನೆ. ಒಂದು ಪುಸ್ತಕವನ್ನೂ ಒಂದೆಡೆ ಸುಮ್ಮನೆ ಕೂರಲು ಬಿಡದಿದ್ದ ಆ ಜೀವವನ್ನು ನಿನ್ನ ಪಾದದ ಬಳಿ ಕೂರಿಸಿಕೋ. ಅವರ ಉಬ್ಬಸ ಅಲ್ಲಿ ಇಲ್ಲದಿರಲಿ. ಇಲ್ಲಿ ನಾವು ಮಾಡಿದ ತಪ್ಪುಗಳು ಅವರ ನಿದ್ದೆಯನ್ನು ಕೆಡಿಸದಿರಲಿ. ರುಕ್ಮಯ್ಯನವರಿಗೆ ಶಾಂತಿಯನ್ನು ಕೊಡು, ತಂದೇ.